ಕಾರ್ಡಿಗೆ ಎರಡು ಪರ್ಸೆಂಟ್ ಹೆಚ್ಚು: ಆ ಹಣ ಕೇಳಿದವರು ಯಾರು?

ಪ್ರಶ್ನೆ: ಉಡುಪಿಯಲ್ಲಿ 60,000 ರೂಪಾಯಿಯ ಫ್ರಿಜ್ ಕೊಂಡೆವು. ಕಾರ್ಡ್ ಕೊಟ್ಟಾಗ ಅಂಗಡಿಯವರು ಎರಡು ಪರ್ಸೆಂಟ್ ಸೇರಿಸಿ 61,200 ಉಜ್ಜಿದರು. ‘ಅದು ಬ್ಯಾಂಕಿನ ಚಾರ್ಜ್, ನಮಗೆ ಒಂದು ಪೈಸೆಯೂ ಸಿಗುವುದಿಲ್ಲ’ ಎಂದರು. ಬ್ಯಾಂಕಿನ ಚಾರ್ಜ್ ಆದರೆ ಕೊಡಲೇಬೇಕಲ್ಲವೇ? ಹಾಗಾದರೆ ಕಾರ್ಡ್ ಬಳಸುವುದೇ ನಷ್ಟವೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಬ್ಯಾಂಕಿನಲ್ಲಿ ಇದ್ದಷ್ಟು ದಿನ ಕೌಂಟರಿನ ಆಚೆಯಿಂದ ಕೇಳುತ್ತಿದ್ದರು. ನಿವೃತ್ತಳಾದ ಮೇಲೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಕೇಳುತ್ತಾರೆ. ಮತ್ತೊಮ್ಮೆ ಹೇಳುತ್ತೇನೆ: ಆ 1,200 ರೂಪಾಯಿಯನ್ನು ನಿಮ್ಮಿಂದ ಬ್ಯಾಂಕು ಕೇಳಿಲ್ಲ, ಸರಕಾರ ಕೇಳಿಲ್ಲ, ರಿಸರ್ವ್ ಬ್ಯಾಂಕು ಕೇಳಿಲ್ಲ. ಕೇಳಿದ್ದು ಅಂಗಡಿ.

‘ಬ್ಯಾಂಕಿನ ಚಾರ್ಜ್’ ಎಂಬ ಮಾತಿನಲ್ಲಿ ಅರ್ಧ ನಿಜ ಇದೆ. ಅದಕ್ಕೇ ಅದು ಇಷ್ಟು ವರ್ಷ ಬದುಕಿದೆ. ನೀವು ಕಾರ್ಡ್ ಉಜ್ಜಿದಾಗ ಅಂಗಡಿಯ ಖಾತೆಗೆ ಪೂರ್ತಿ ಹಣ ಹೋಗುವುದಿಲ್ಲ. ಮೆಷಿನ್ ಕೊಟ್ಟ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡು ಉಳಿದದ್ದನ್ನು ಜಮಾ ಮಾಡುತ್ತದೆ. ಅದರ ಹೆಸರು ಎಂಡಿಆರ್. ಅದರಲ್ಲಿ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಮೆಷಿನ್ ಕೊಟ್ಟ ಬ್ಯಾಂಕಿಗೆ, ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಕ್ಕೆ ಪಾಲು ಉಂಟು. ಇದು ಅಂಗಡಿಗೂ ಬ್ಯಾಂಕಿಗೂ ನಡುವಿನ ಒಪ್ಪಂದದ ಖರ್ಚು. ಕಟ್ಟಡದ ಬಾಡಿಗೆ, ಕರೆಂಟ್ ಬಿಲ್ಲು, ಸೇಲ್ಸ್‌ನ ಹುಡುಗರ ಸಂಬಳ ಇದ್ದ ಹಾಗೆ. ಅಂಗಡಿಯಲ್ಲಿ ಎಸಿ ಇದೆಯೆಂದು ಬಿಲ್ಲಿನ ಮೇಲೆ ಒಂದು ಪರ್ಸೆಂಟ್ ಹಾಕಿದರೆ ಯಾರಾದರೂ ಸುಮ್ಮನಿರುತ್ತಾರೆಯೇ?

ನಮ್ಮ ಜಿಲ್ಲೆಗಳವರಿಗೆ ಇದು ತಿಳಿಯದ ವಿಷಯವಲ್ಲ. ಪಿಗ್ಮಿ ಹುಟ್ಟಿದ್ದೇ ಇಲ್ಲಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆ ಠೇವಣಿಯನ್ನು ಶುರು ಮಾಡಿದಾಗಿನಿಂದ ಏಜೆಂಟರು ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಹಣ ಕೂಡಿಸಿದರು. ಅವರ ಕಮಿಷನ್ ಕೊಟ್ಟದ್ದು ಬ್ಯಾಂಕು. ಎರಡಾಣೆ ಕೊಡುವವಳ ಹತ್ತಿರ ‘ನನ್ನ ಕಮಿಷನ್ನಿಗೆ ಇನ್ನೊಂದು ಕಾಸು ಸೇರಿಸಿ’ ಎಂದು ಯಾರೂ ಕೈ ಚಾಚಲಿಲ್ಲ.

ಈಗ ‘ನಮಗೆ ಒಂದು ಪೈಸೆಯೂ ಸಿಗುವುದಿಲ್ಲ’ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಯಾವ ಕಾರ್ಡ್ ಕೊಟ್ಟಿರಿ ಎಂದು ನೀವು ಬರೆದಿಲ್ಲ. ಎಲ್ಲವೂ ಅದರ ಮೇಲೆಯೇ ನಿಂತಿದೆ.

ಅದು ಡೆಬಿಟ್ ಕಾರ್ಡ್ ಆಗಿದ್ದರೆ, 2018ರ ಜನವರಿ 1ರಿಂದ ರಿಸರ್ವ್ ಬ್ಯಾಂಕಿನ ಮಿತಿ ಇದೆ. ವರ್ಷಕ್ಕೆ 20 ಲಕ್ಷಕ್ಕಿಂತ ಹೆಚ್ಚು ವಹಿವಾಟಿನ ಅಂಗಡಿಯಿಂದ ಬ್ಯಾಂಕು ಮೆಷಿನ್‌ನಲ್ಲಿ ಮುರಿಯಬಹುದಾದದ್ದು ಶೇಕಡಾ 0.90, ಅದೂ ಒಂದು ವ್ಯವಹಾರಕ್ಕೆ 1,000 ರೂಪಾಯಿ ದಾಟುವಂತಿಲ್ಲ. ಅದಕ್ಕಿಂತ ಸಣ್ಣ ಅಂಗಡಿಯಾದರೆ ಶೇಕಡಾ 0.40, ಗರಿಷ್ಠ 200 ರೂಪಾಯಿ. 60,000ಕ್ಕೆ 0.90 ಎಂದರೆ 540 ರೂಪಾಯಿ. ನೀವು ಕೊಟ್ಟದ್ದು 1,200. ಜಿಎಸ್‌ಟಿ ಸೇರಿಸಿದರೂ ಅರ್ಧದಷ್ಟು ಹಣ ಅಂಗಡಿಯಲ್ಲೇ ಉಳಿಯಿತು. ನಿಮ್ಮದು ರುಪೇ ಡೆಬಿಟ್ ಕಾರ್ಡ್ ಆಗಿದ್ದರೆ ಇನ್ನೂ ಬೇಸರದ ಸಂಗತಿ, ಏಕೆಂದರೆ 2020ರ ಜನವರಿ 1ರಿಂದ ಅದಕ್ಕೆ ಎಂಡಿಆರ್ ಸೊನ್ನೆ. ಯುಪಿಐಗೂ ಹಾಗೆಯೇ. ಆಗ 1,200ಕ್ಕೆ 1,200 ರೂಪಾಯಿಯೂ ಅಂಗಡಿಯದೇ.

ಚಿನ್ನದ ಅಂಗಡಿಯಲ್ಲಿ ಈ ಲೆಕ್ಕ ಕಣ್ಣಿಗೆ ರಾಚುತ್ತದೆ. ಮಗಳ ಮದುವೆಗೆ ಮೂರು ಲಕ್ಷದ ಒಡವೆಯನ್ನು ಡೆಬಿಟ್ ಕಾರ್ಡಿನಲ್ಲಿ ಕೊಂಡರೆ ಎರಡು ಪರ್ಸೆಂಟ್ ಎಂದರೆ 6,000 ರೂಪಾಯಿ. ಬ್ಯಾಂಕಿಗೆ ಹೋಗುವುದು ಹೆಚ್ಚೆಂದರೆ 1,000 ಮತ್ತು ಅದರ ಮೇಲಿನ ತೆರಿಗೆ. ಉಳಿದದ್ದು ಯಾವ ಬ್ಯಾಂಕಿನ ಚಾರ್ಜ್?

ಡೆಬಿಟ್ ಕಾರ್ಡಿನ ಮೇಲೆ ಅಂಗಡಿಯವರು ಹೀಗೆ ಪರ್ಸೆಂಟ್ ಲೆಕ್ಕದಲ್ಲಿ ಸೇರಿಸುವುದು ಸಲ್ಲದು ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಎಂಡಿಆರ್ ಅನ್ನು ಗ್ರಾಹಕರ ತಲೆಗೆ ಕಟ್ಟದಂತೆ ನೋಡಿಕೊಳ್ಳಿ ಎಂದು 2017ರಲ್ಲಿ ಇನ್ನೊಮ್ಮೆ ಹೇಳಿತು.

ಕ್ರೆಡಿಟ್ ಕಾರ್ಡಿನ ಕತೆ ಬೇರೆ, ಅದನ್ನು ಮುಚ್ಚಿಡುವುದಿಲ್ಲ. ಅದರ ಎಂಡಿಆರ್‌ಗೆ ರಿಸರ್ವ್ ಬ್ಯಾಂಕು ಮಿತಿ ಹಾಕಿಲ್ಲ. ಒಂದೂವರೆಯಿಂದ ಎರಡು, ಎರಡೂವರೆ ಪರ್ಸೆಂಟ್ ವರೆಗೂ ಹೋಗುತ್ತದೆ. ಮೊಬೈಲ್ ಅಂಗಡಿಯಂತಹ ಕಡಿಮೆ ಲಾಭದ ವ್ಯಾಪಾರಕ್ಕೆ ಅದು ನಿಜವಾದ ಹೊರೆ. ಆದರೂ ಮೆಷಿನ್ ತೆಗೆದುಕೊಳ್ಳುವಾಗ ಸಹಿ ಹಾಕುವ ಒಪ್ಪಂದದಲ್ಲಿ, ಕಾರ್ಡ್ ಕೊಟ್ಟವರಿಂದ ಹೆಚ್ಚು ವಸೂಲಿ ಮಾಡುವುದಿಲ್ಲ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ನಗದು ಕೊಟ್ಟವರಿಗೆ ರಿಯಾಯಿತಿ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅದನ್ನು ಬೋರ್ಡಿನಲ್ಲಿ ಬರೆದು ಹಾಕಿದರೆ ನಾನೇ ಮೆಚ್ಚುತ್ತೇನೆ. ಒಂದು ಬೆಲೆ ಒಪ್ಪಿಸಿ, ಕಾರ್ಡ್ ಹೊರಗೆ ತೆಗೆದ ಮೇಲೆ ಇನ್ನೊಂದು ಬೆಲೆ ಹೇಳುವುದು ತಪ್ಪು. ಎಂಆರ್‌ಪಿಗೇ ಮಾರುವ ಪ್ಯಾಕೆಟ್ ಸಾಮಾನಿನ ಮೇಲೆ ಎರಡು ಪರ್ಸೆಂಟ್ ಹಾಕಿದರಂತೂ ಅದು ಎಂಆರ್‌ಪಿ ಮೀರಿದ ಮಾರಾಟ.

ಹಾಗಾದರೆ ಬ್ಯಾಂಕು ನಮ್ಮಿಂದ ನೇರವಾಗಿ ಏನೂ ಹಿಡಿಯುವುದಿಲ್ಲವೇ? ಹಿಡಿಯುತ್ತದೆ. ಆದರೆ ಅದು ನಿಮ್ಮ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಾಣಿಸುತ್ತದೆ. ಪಂಪಿನಲ್ಲಿ ಕ್ರೆಡಿಟ್ ಕಾರ್ಡ್ ಕೊಟ್ಟು 1,000 ರೂಪಾಯಿಯ ಪೆಟ್ರೋಲ್ ಹಾಕಿಸಿದರೆ ಒಂದು ಪರ್ಸೆಂಟ್ ಸರ್‌ಚಾರ್ಜ್ 10 ರೂಪಾಯಿ, ಅದರ ಮೇಲೆ ಜಿಎಸ್‌ಟಿ 1 ರೂಪಾಯಿ 80 ಪೈಸೆ ಬೀಳುತ್ತದೆ. ಹಲವು ಕಾರ್ಡುಗಳಲ್ಲಿ ಆ 10 ರೂಪಾಯಿ ಆಮೇಲೆ ವಾಪಸು ಬರುತ್ತದೆ, ಜಿಎಸ್‌ಟಿ ಸಾಮಾನ್ಯವಾಗಿ ಬರುವುದಿಲ್ಲ. ಬ್ಯಾಂಕಿನ ಚಾರ್ಜ್ ಎಂದರೆ ಹೀಗೆ, ಹೆಸರು ಹೇಳಿಕೊಂಡೇ ಬರುತ್ತದೆ. ನಿಮ್ಮ ಫ್ರಿಜ್ಜಿನ ಸ್ಟೇಟ್‌ಮೆಂಟ್ ತೆಗೆದು ನೋಡಿ: ಅಂಗಡಿಯ ಹೆಸರಿನ ಮುಂದೆ ಒಂದೇ ಮೊತ್ತ, 61,200. ಬ್ಯಾಂಕಿನ ಮಟ್ಟಿಗೆ ಅದು ಫ್ರಿಜ್ಜಿನ ಬೆಲೆ.

ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಮಿಕ್ಸಿ ಕೊಳ್ಳುವಾಗ ನನಗೂ ಇದೇ ಮಾತು ಬಂತು. ‘ಅಕ್ಕಾ, ಕಾರ್ಡಿಗೆ ಎರಡು ಪರ್ಸೆಂಟ್ ಉಂಟು’ ಎಂದ ಕೌಂಟರಿನ ಹುಡುಗ. ‘ಆಗಲಿ, ಅದನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಮುದ್ರಿಸಿ ಕೊಡಪ್ಪ’ ಎಂದೆ. ಹುಡುಗ ಒಳಗೆ ಹೋಗಿ ಧಣಿಯನ್ನು ಕೇಳಿ ಬಂದ. ‘ಬೇಡ ಅಂತೆ ಅಕ್ಕಾ, ಬಿಲ್ಲಿನಷ್ಟೇ ಹಾಕುತ್ತೇನೆ’ ಎಂದ. ನಾನು ಸ್ವರ ಏರಿಸಬೇಕಾಗಿ ಬರಲಿಲ್ಲ. ಬಿಲ್ಲಿನಲ್ಲಿ ಬರೆದರೆ ಅದಕ್ಕೂ ಜಿಎಸ್‌ಟಿ ಲೆಕ್ಕ ಕೊಡಬೇಕು, ಜೊತೆಗೆ ಗ್ರಾಹಕಿಯ ಕೈಯಲ್ಲಿ ಸಾಕ್ಷಿ ಉಳಿಯುತ್ತದೆ.

ನಿಮ್ಮ ವಿಷಯದಲ್ಲಿ ಬಿಲ್ಲು 60,000, ಮೆಷಿನ್ನಿನಿಂದ ಬಂದ ಚಾರ್ಜ್ ಸ್ಲಿಪ್ಪು 61,200 ಎಂದಿದ್ದರೆ ಎರಡನ್ನೂ ಇಂದೇ ಫೋಟೋ ತೆಗೆದಿಡಿ. ಆ ನುಣುಪು ಕಾಗದದ ಅಕ್ಷರ ನಮ್ಮ ಕರಾವಳಿಯ ಸೆಕೆಗೆ ಬೇಗ ಮಾಸುತ್ತದೆ. ಸ್ಲಿಪ್ಪಿನ ತಲೆಯಲ್ಲಿ ಮೆಷಿನ್ ಕೊಟ್ಟ ಬ್ಯಾಂಕಿನ ಹೆಸರು, ಕೆಳಗೆ ಅಂಗಡಿಯನ್ನೂ ಮೆಷಿನ್ನನ್ನೂ ಗುರುತಿಸುವ ಎಂಐಡಿ, ಟಿಐಡಿ ಎಂಬ ಸಂಖ್ಯೆಗಳು ಇರುತ್ತವೆ. ಆ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ಲಿಖಿತ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ.

ಇನ್ನು ‘ಕಾರ್ಡ್ ಬಳಸುವುದೇ ನಷ್ಟವೇ’ ಎಂದಿರಿ. ಅಲ್ಲ. ಕ್ರೆಡಿಟ್ ಕಾರ್ಡಿನಲ್ಲಿ 45ರಿಂದ 50 ದಿನಗಳವರೆಗೆ ಬಡ್ಡಿ ಇಲ್ಲದ ಸಾಲ ಸಿಗುತ್ತದೆ. ಸಾಮಾನು ಬರದಿದ್ದರೆ ಬ್ಯಾಂಕಿನ ಮೂಲಕ ತಕರಾರು ಹೂಡಬಹುದು. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆ ಎಲ್ಲೋ ನಡೆದ ಮೋಸದಲ್ಲಿ ಹಣ ಹೋದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೀಗೆ ಹೇಳಿತು.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ, ಏಕೆಂದರೆ ಈ ಎರಡು ಪರ್ಸೆಂಟಿಗೆ ಹೊಟ್ಟೆ ಉರಿಸಿಕೊಳ್ಳುವವರೇ ಅಲ್ಲಿ ಎಡವುವುದನ್ನು ಕಣ್ಣಾರೆ ಕಂಡಿದ್ದೇನೆ. ಸ್ಟೇಟ್‌ಮೆಂಟಿನಲ್ಲಿ ‘ಮಿನಿಮಮ್ ಡ್ಯೂ’ ಎಂಬ ಸಣ್ಣ ಮೊತ್ತ ಇರುತ್ತದಲ್ಲ, ಅದು. 40,000 ಬಾಕಿಗೆ 2,000 ಕಟ್ಟಿದರೆ ಸಾಕು ಎಂದು ಇರುತ್ತದೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಎಂದು ಹಿಡಿಯಿರಿ: 1,400 ರೂಪಾಯಿ. ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ 252. ಕಟ್ಟಿದ 2,000ದಲ್ಲಿ ಅಸಲಿಗೆ ಇಳಿದದ್ದು 348 ರೂಪಾಯಿ. ಹಳೆಯ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಆ 50 ದಿನಗಳ ಬಿಡುವು ಇರುವುದಿಲ್ಲ. ನಾಳೆ ಕೊಂಡ ಚಪ್ಪಲಿಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೂ ಹಾಗೆಯೇ, ಮೇಲಿಂದ ತೆಗೆದದ್ದಕ್ಕೆ ಶುಲ್ಕ ಬೇರೆ.

‘ನಾನು ಆಟೋ ಡೆಬಿಟ್ ಹಾಕಿಸಿದ್ದೇನೆ, ನನಗೆ ಚಿಂತೆಯಿಲ್ಲ’ ಎನ್ನುವವರು ಒಮ್ಮೆ ಆ ಅರ್ಜಿಯನ್ನು ಅಥವಾ ಆ್ಯಪ್ ಅನ್ನು ತೆರೆದು ನೋಡಬೇಕು. ಅಲ್ಲಿ ಎರಡು ಚೌಕ ಇರುತ್ತವೆ, ಒಂದು ಪೂರ್ತಿ ಬಾಕಿಗೆ, ಇನ್ನೊಂದು ಮಿನಿಮಮ್ ಡ್ಯೂಗೆ. ಎರಡನೆಯದಕ್ಕೆ ಗುರುತು ಬಿದ್ದಿದ್ದರೆ ಪ್ರತಿ ತಿಂಗಳೂ ಹಣ ತಪ್ಪದೆ ಕಟ್ಟಾಗುತ್ತದೆ, ಸಾಲವೂ ತಪ್ಪದೆ ಉಳಿಯುತ್ತದೆ. ಗುರುತನ್ನು ಮೊದಲನೆಯದಕ್ಕೆ ಬದಲಿಸಿ, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಪೂರ್ತಿ ಮೊತ್ತವೇ ಕಡಿತವಾಯಿತೇ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ.