‘ಊಟ ಆಯಿತಾ?’ ಎಂದು ತಿರುಗಿ ಕೇಳುವ ಪಾಠ

“ಊಟ ಆಯಿತಾ?” ಎಂದು ಕೇಳಿದೆ. ಹದಿನಾರು ವರ್ಷದ ಹುಡುಗ ನಿಂತಲ್ಲೇ ಯೋಚಿಸಿ ಹೇಳಿದ: “ಎರಡು ಚಪಾತಿ, ಬದನೆಕಾಯಿ ಪಲ್ಯ, ಸ್ವಲ್ಪ ಅನ್ನ, ಅರ್ಧ ಲೋಟ ಮಜ್ಜಿಗೆ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು.” ಹೇಳಿ ಮುಗಿಸಿ ಕುರ್ಚಿ ಎಳೆದು ಕುಳಿತ. ಅವನ ತಾಯಿ ನಾಚಿಕೊಂಡು, “ನೋಡಿ ಮೇಡಂ, ಯಾವಾಗಲೂ ಹೀಗೇ. ಆಯಿತು ಎಂದು ಒಂದು ಮಾತು ಹೇಳಿದರೆ ಸಾಕಿತ್ತಲ್ಲವೇ?” ಎಂದರು.

ಅವನ ಉತ್ತರದಲ್ಲಿ ನನಗೆ ತಪ್ಪು ಕಾಣಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದ್ದ. ಆದರೆ “ನಿಮ್ಮದಾಯಿತಾ?” ಎಂದು ತಿರುಗಿ ಕೇಳಿರಲಿಲ್ಲ. ಶಾಲೆಯಲ್ಲೂ ಅವನ ಮಾತು ನಿಲ್ಲುತ್ತಿದ್ದುದು ಇದೇ ಜಾಗದಲ್ಲಿ ಎಂಬುದು ಆಮೇಲೆ ತಿಳಿಯಿತು. (ಇಲ್ಲಿ ಬರುವ ಮಕ್ಕಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಟಿಸಂ ಇರುವ ಹದಿಹರೆಯದವರಿಗಾಗಿ ಬೆಂಗಳೂರಿನಲ್ಲಿ ನಾನು ನಡೆಸುವ ಗುಂಪು ತರಬೇತಿಯ ಮೊದಲ ಕೆಲವು ವಾರಗಳು ಈ ಕೊಡುಕೊಳ್ಳುವಿಕೆಗೇ ಮೀಸಲು. ಒಂದು ಪ್ರಶ್ನೆ ಕೇಳಬೇಕು, ಉತ್ತರಕ್ಕೆ ಕಿವಿಗೊಡಬೇಕು, ಆ ಉತ್ತರದೊಳಗಿಂದಲೇ ಇನ್ನೊಂದು ಪ್ರಶ್ನೆ ಹುಡುಕಬೇಕು, ನಡುವೆ ತನ್ನದನ್ನೂ ಸ್ವಲ್ಪ ಹೇಳಬೇಕು. ಉಳಿದವರು ಓಡಾಡುತ್ತಲೇ ಕಲಿತುಬಿಡುವ ಇದನ್ನು ಈ ಮಕ್ಕಳಿಗೆ ಬಿಡಿಸಿ ತೋರಿಸಬೇಕಾಗುತ್ತದೆ. ಬಿಡಿಸಿ ತೋರಿಸಿದರೆ ಬಹಳ ಮಂದಿ ಬೇಗ ಹಿಡಿಯುತ್ತಾರೆ.

ಈ ಕ್ರಮದ ಮೂಲ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲಾಗೆಸನ್ ಮತ್ತು ಫ್ರೆಡ್ ಫ್ರಾಂಕಲ್ ರೂಪಿಸಿದ ‘ಪೀರ್ಸ್’ ಎಂಬ ಕಾರ್ಯಕ್ರಮ. 14 ವಾರ, ವಾರಕ್ಕೊಮ್ಮೆ 90 ನಿಮಿಷ. ಒಂದು ಕೋಣೆಯಲ್ಲಿ ಮಕ್ಕಳು, ಅದೇ ಹೊತ್ತಿಗೆ ಇನ್ನೊಂದರಲ್ಲಿ ತಂದೆತಾಯಿ. ಲಾಗೆಸನ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 33 ಮಂದಿ ಮಾತ್ರ. ಆಮೇಲೆ ಇದು ಅನೇಕ ದೇಶಗಳಿಗೆ ಹರಡಿತು. ನನಗೆ ಇದರಲ್ಲಿ ಹಿಡಿಸಿದ್ದು ಒಂದು ತತ್ವ: ದೊಡ್ಡವರು ‘ಹೀಗೆ ಮಾಡಬೇಕು’ ಎನ್ನುವುದನ್ನು ಕಲಿಸುವ ಬದಲು, ಗೆಳೆಯರಿರುವ ಹುಡುಗ ಹುಡುಗಿಯರು ನಿಜವಾಗಿ ಏನು ಮಾಡುತ್ತಾರೋ ಅದನ್ನು ಕಲಿಸುವುದು.

ಉದಾಹರಣೆಗೆ, ಟ್ಯೂಷನ್ ಬಿಟ್ಟ ಮೇಲೆ ಗೇಟಿನ ಬಳಿ ನಾಲ್ವರು ನಿಂತು ಮಾತನಾಡುತ್ತಿದ್ದಾರೆ. ಮನೆಯವರ ಸಲಹೆ ಏನು? “ಹೋಗಿ ಹಲೋ ಹೇಳು, ನಿನ್ನ ಹೆಸರು ಹೇಳು, ನಾನೂ ಸೇರಿಕೊಳ್ಳಲೇ ಎಂದು ಕೇಳು.” ಯಾವ ಹದಿನೈದರ ಹುಡುಗನೂ ಹಾಗೆ ಮಾಡುವುದಿಲ್ಲ; ಮಾಡಿದವನನ್ನು ವಿಚಿತ್ರವಾಗಿ ನೋಡುತ್ತಾರೆ. ಸೇರಿಕೊಳ್ಳಲು ಬಲ್ಲವನು ಎರಡು ಹೆಜ್ಜೆ ದೂರದಲ್ಲಿ ಮೊಬೈಲ್ ನೋಡುತ್ತಾ ನಿಲ್ಲುತ್ತಾನೆ. ಮಾತು ನಿನ್ನೆಯ ಐಪಿಎಲ್ ಪಂದ್ಯದ್ದೋ, ಗಣಿತದ ಪರೀಕ್ಷೆಯದ್ದೋ ಎಂದು ಕೇಳಿಸಿಕೊಳ್ಳುತ್ತಾನೆ. ತನಗೂ ಗೊತ್ತಿರುವ ವಿಷಯವಾದರೆ ಸ್ವಲ್ಪ ಹತ್ತಿರ ಸರಿದು, ಮಾತು ನಿಂತ ಕ್ಷಣ ನೋಡಿ ಅದಕ್ಕೆ ಹೊಂದುವ ಒಂದು ಮಾತು ಸೇರಿಸುತ್ತಾನೆ. ಅವರು ಇವನತ್ತ ತಿರುಗಿ ಜಾಗ ಬಿಟ್ಟರೆ ಸೇರಿದಂತೆ. ಬಿಡದಿದ್ದರೆ ಹಾಗೇ ಹೊರಟುಬಿಡುತ್ತಾನೆ.

ಈ ಹೊರಟುಬಿಡುವುದನ್ನು ಕಲಿಸಲು ನಾನು ಒಂದು ಇಡೀ ವಾರ ಕೊಡುತ್ತೇನೆ. ಯಾರೇ ಆಗಲಿ, ಹೋದಲ್ಲೆಲ್ಲ ಸೇರಿಸಿಕೊಳ್ಳುತ್ತಾರೆ ಎಂಬುದು ಸುಳ್ಳು. ಇದನ್ನು ಕೇಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಬಿಡುಗಡೆ ದೊಡ್ಡದು. ಒಬ್ಬ ಹುಡುಗ ಕೈಯೆತ್ತಿ, “ಹಾಗಾದರೆ ನಮ್ಮ ತರಗತಿಯ ಲೀಡರನ್ನೂ ಕೆಲವೊಮ್ಮೆ ಸೇರಿಸಿಕೊಳ್ಳುವುದಿಲ್ಲವಾ?” ಎಂದು ಕೇಳಿ, ಹೌದು ಎಂದಾಗ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಅಮೆರಿಕದ ಕೈಪಿಡಿಯಲ್ಲಿ ಇಲ್ಲದ, ನಮಗೆ ಮಾತ್ರ ಬೇಕಾದ ಪಾಠಗಳೂ ಇವೆ. ಎಲ್ಲಕ್ಕಿಂತ ಮುಖ್ಯವಾದದ್ದು ನೀನು ಮತ್ತು ನೀವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಕ್ಕದ ಬೆಂಚಿನವಳಿಗೆ, “ದಯವಿಟ್ಟು ನಿಮ್ಮ ವಿಜ್ಞಾನದ ಪುಸ್ತಕವನ್ನು ನನಗೆ ಕೊಡುವಿರಾ?” ಎಂದಿದ್ದಳು. ತರಗತಿಯೆಲ್ಲ ನಕ್ಕಿತ್ತು. ಒಂದಕ್ಷರ ತಪ್ಪಿಲ್ಲದ ಕನ್ನಡ ಏಕೆ ನಗುವಿಗೆ ಈಡಾಯಿತೆಂದು ಅವಳಿಗೆ ತಿಳಿಯದು. ಓದಿಯೇ ಮಾತು ಕಲಿತ ಮಕ್ಕಳು ಓದಿದಂತೆಯೇ ಮಾತನಾಡುತ್ತಾರೆ. ನಾವು ಚೀಟಿಗಳನ್ನು ಮಾಡಿದೆವು: ಕಂಡಕ್ಟರ್, ಗೆಳತಿಯ ಅಮ್ಮ, ಪಕ್ಕದ ಮನೆಯ ಮೂರು ವರ್ಷದ ಮಗು, ಕಾಲೇಜಿಗೆ ಹೋಗುವ ಅಣ್ಣ, ತರಕಾರಿ ಮಾರುವ ಅಜ್ಜಿ. ಯಾರಿಗೆ ಯಾವುದು ಎಂದು ಎರಡು ಡಬ್ಬಿಗಳಿಗೆ ಹಾಕುತ್ತಾ ಹೋದರು. “ನನ್ನ ಚಿಕ್ಕಮ್ಮ ನನಗಿಂತ ನಾಲ್ಕೇ ವರ್ಷ ದೊಡ್ಡವಳು, ಅವಳಿಗೆ?” ಎಂದು ಅದೇ ಹುಡುಗಿ ಕೇಳಿದಳು. ಗುಂಪಿನಲ್ಲಿ ಒಮ್ಮತ ಬರಲಿಲ್ಲ. ಧಾರವಾಡದ ಕಡೆಯ ಹುಡುಗ ಮನೆಯಲ್ಲಿ ಎಲ್ಲರಿಗೂ ‘ರೀ’ ಎನ್ನುತ್ತಾರೆ ಎಂದ. ಆ ಚೀಟಿಯನ್ನು ಡಬ್ಬಿಗಳ ನಡುವೆ ಮೇಜಿನ ಮೇಲೇ ಇಟ್ಟೆವು. ಗೊತ್ತಾಗದಿದ್ದರೆ ‘ನಿಮ್ಮನ್ನು ಏನೆಂದು ಕರೆಯಲಿ?’ ಎಂದು ಕೇಳಬಹುದು ಎಂಬುದೇ ಅಂದಿನ ನಿಯಮವಾಯಿತು.

ಹೊರಡುವಾಗ ‘ಬರುತ್ತೇನೆ’ ಎನ್ನುವುದೂ ಹೀಗೆಯೇ. “ಯಾವಾಗ ಬರುತ್ತೀರಿ?” ಎಂದು ಅತಿಥಿಯನ್ನು ಬಾಗಿಲಲ್ಲಿ ತಡೆದು ಕೇಳಿದ ಹುಡುಗನಿಗೆ ಮನೆಯಲ್ಲಿ ಬೈಗುಳ ಬಿದ್ದಿತ್ತು. ಮಾತಿನ ಅರ್ಥ ಹಿಡಿದು ನಡೆದ ಮಗುವನ್ನು ಉದ್ಧಟ ಎನ್ನುವುದು ಅನ್ಯಾಯ.

ಒಂದು ವಿಷಯವನ್ನು ನಾನು ಕಲಿಸುವುದನ್ನೇ ಬಿಟ್ಟಿದ್ದೇನೆ: ಕಣ್ಣಿಗೆ ಕಣ್ಣಿಟ್ಟು ನೋಡುವುದು. ಮೊದಮೊದಲು ಅದನ್ನೂ ಅಭ್ಯಾಸ ಮಾಡಿಸುತ್ತಿದ್ದೆ. ಒಬ್ಬಳು ಹುಡುಗಿ, “ನಿಮ್ಮ ಕಣ್ಣು ನೋಡಿದರೆ ನಿಮ್ಮ ಮಾತು ಕೇಳಿಸುವುದಿಲ್ಲ” ಎಂದಳು. ದಿನವಿಡೀ ಶಾಲೆಯಲ್ಲಿ ಎಲ್ಲರಂತೆ ಕಾಣಲು ಹೆಣಗಿ, ಮನೆಗೆ ಬಂದು ಸಮವಸ್ತ್ರ ಕೂಡ ಬದಲಿಸದೆ ಮಲಗಿಬಿಡುತ್ತಿದ್ದ ಮಗು ಅವಳು. ಆ ಹೆಣಗಾಟಕ್ಕೆ ನಾನೂ ಒಂದು ಹೊರೆ ಸೇರಿಸುತ್ತಿದ್ದೆ ಎಂಬುದು ಇಂದಿಗೂ ನೋಯಿಸುತ್ತದೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದದ್ದು ಇದನ್ನೇ: ಅರ್ಥವಾಗದಿರುವುದು ಎರಡೂ ಕಡೆಯಿಂದ. ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ.

ಇನ್ನು ಇಂಥ ಗುಂಪುಗಳಿಂದ ಎಷ್ಟು ಪ್ರಯೋಜನ? ತಕ್ಕಮಟ್ಟಿಗೆ ಇದೆ. 2017ರಲ್ಲಿ ಗೇಟ್ಸ್, ಕ್ಯಾಂಗ್ ಮತ್ತು ಲರ್ನರ್ ಎಂಬ ಸಂಶೋಧಕರು 19 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಮಕ್ಕಳು ತಾವೇ ವರದಿ ಮಾಡಿದ ಸುಧಾರಣೆ ಏನು ಮಾಡಬೇಕೆಂಬ ತಿಳಿವಳಿಕೆಯದ್ದಾಗಿತ್ತು. ನಿಜವಾಗಿ ಹಾಗೆ ನಡೆದುಕೊಳ್ಳುತ್ತೇವೆ ಎಂದು ಅವರು ಹೇಳಿರಲಿಲ್ಲ. ಶಿಕ್ಷಕರ ಕಣ್ಣಿಗಂತೂ ಗುರುತಿಸುವಂಥ ವ್ಯತ್ಯಾಸ ಬಿದ್ದಿರಲಿಲ್ಲ. ನನ್ನ ಅನುಭವವೂ ಇದನ್ನು ಒಪ್ಪುತ್ತದೆ. ಕೋಣೆಯೊಳಗೆ ನಿಯಮಗಳನ್ನು ಗಿಳಿಪಾಠದಂತೆ ಒಪ್ಪಿಸುವ ಹುಡುಗ ಗೇಟಿನ ಬಳಿ ನಾಲ್ವರನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ.

ಅದಕ್ಕೇ ಪಕ್ಕದ ಕೋಣೆಯ ತಂದೆತಾಯಂದಿರ ಮೇಲೆ ನನ್ನ ಒತ್ತು. ವಾರದ ಮನೆಕೆಲಸ ನಡೆಯುವುದು ಅವರ ಕೈಯಲ್ಲಿ. ಒಬ್ಬನೇ ಗೆಳೆಯನನ್ನು ಮನೆಗೆ ಕರೆಯುವುದು, ಮೊದಲ ಸಲ ಒಂದೂವರೆ ಗಂಟೆ ಸಾಕು, ಏನು ಆಡುವುದೆಂದು ಮೊದಲೇ ಮಾತನಾಡಿಕೊಂಡಿರಬೇಕು. ಒಬ್ಬ ತಾಯಿ ಕ್ಯಾರಂ ಬೋರ್ಡ್, ನಿಪ್ಪಟ್ಟು, ಜ್ಯೂಸ್ ಎಲ್ಲ ಸಿದ್ಧಪಡಿಸಿ, ಬಂದ ಹುಡುಗನ ಭುಜ ಸವರಿ, “ಇವನಿಗೆ ಅಷ್ಟು ತಿಳಿಯುವುದಿಲ್ಲ ಪುಟ್ಟ, ನೀನೇ ಸ್ವಲ್ಪ ಹೊಂದಿಕೊಂಡು ಹೋಗು” ಎಂದರು. ಪ್ರೀತಿಯಿಂದ ಆಡಿದ ಮಾತೇ. ಆದರೆ ಆ ಕ್ಷಣದಿಂದ ಗೆಳೆಯನಾಗಿ ಬಂದವನು ನೋಡಿಕೊಳ್ಳುವವನಾದ. ಆಟದಲ್ಲಿ ಬೇಕೆಂದೇ ಸೋತ. ಮಗನಿಗೆ ಅದು ಗೊತ್ತಾಯಿತು. ಮುಂದಿನ ಸಲ ತಾಯಿ ಅಡುಗೆಮನೆಯಲ್ಲೇ ಉಳಿದರು, ಹುಡುಗರು ಕಾಯಿನ್ ಲೆಕ್ಕಕ್ಕೆ ಜಗಳವಾಡಿದರು. ಆ ಜಗಳದ ಸುದ್ದಿ ಕೇಳಿ ನನಗೆ ಸಂತೋಷವಾಯಿತು.

“ಇವನಂಥವನ ಜೊತೆಯೇ ಸೇರಿದರೆ ಇವನು ಸುಧಾರಿಸುವುದು ಹೇಗೆ?” ಎಂದು ಕೇಳುವವರಿದ್ದಾರೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಎಂಟೆಂಟು ವಯಸ್ಕರ ಸರಪಳಿ ಮಾಡಿ, ಕಿವಿಯಿಂದ ಕಿವಿಗೆ ಒಂದು ಕತೆ ದಾಟಿಸಿದರು. ಆಟಿಸಂ ಇರುವವರೇ ತುಂಬಿದ್ದ ಸರಪಳಿಯಲ್ಲಿ ಕತೆ ಇತರರಲ್ಲಿ ಉಳಿದಷ್ಟೇ ಚೆನ್ನಾಗಿ ಉಳಿಯಿತು. ನನ್ನ ಗುಂಪಿನಲ್ಲಿ ಬಿಎಂಟಿಸಿ ಮಾರ್ಗಗಳನ್ನೆಲ್ಲ ಬಾಯಿಪಾಠ ಮಾಡಿದವನೊಬ್ಬ, ನಕ್ಷೆ ಬಿಡಿಸುವವನೊಬ್ಬ ಇದ್ದರು. ಭಾನುವಾರ ಇಬ್ಬರೂ 500-ಡಿ ಹತ್ತಿ ಹೊರವರ್ತುಲ ರಸ್ತೆಯಲ್ಲಿ ಕೊನೆಯವರೆಗೆ ಹೋಗಿ ಮರಳುತ್ತಾರೆ. ಏನು ಮಾತನಾಡಿದಿರಿ ಎಂದರೆ “ಏನೂ ಇಲ್ಲ” ಎನ್ನುತ್ತಾರೆ. ಮುಂದಿನ ಭಾನುವಾರ ಮತ್ತೆ ಹೊರಡುತ್ತಾರೆ.

ಮಗುವನ್ನು ಇಂಥ ಗುಂಪಿಗೆ ಸೇರಿಸುವ ಮುನ್ನ ಕೇಂದ್ರದವರನ್ನು ಕೇಳಿ: ತಂದೆತಾಯಿಗೆ ಪ್ರತ್ಯೇಕ ಅವಧಿ ಇದೆಯೇ? ಗುಂಪಿನಲ್ಲಿ ಎಷ್ಟು ಮಂದಿ? ಹತ್ತು ದಾಟಿದರೆ ಯಾರ ಸರದಿಯೂ ಬರುವುದಿಲ್ಲ. ಆಟಿಸಂ ವಾಸಿ ಮಾಡುತ್ತೇವೆ ಎಂದರೆ ಎದ್ದು ಬನ್ನಿ. ಇದಕ್ಕಿಂತ ಮೊದಲು ಮಗುವನ್ನೇ ಕೇಳಿ. ನಾನು ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು “ನಿನಗೆ ಗೆಳೆಯರು ಬೇಕಾ?” ಎಂದು ಕೇಳುತ್ತೇನೆ. ಒಬ್ಬಳು ಹುಡುಗಿ “ಈಗ ಬೇಡ” ಎಂದಿದ್ದಳು. ತಂದೆ ಎಷ್ಟು ಒತ್ತಾಯಿಸಿದರೂ ಸೇರಿಸಿಕೊಳ್ಳಲಿಲ್ಲ. ಎರಡು ವರ್ಷ ಕಳೆದು, ಪಿಯುಸಿಗೆ ಸೇರಿದ ಮೇಲೆ ಅವಳೇ ಫೋನ್ ಮಾಡಿ, “ಜಾಗ ಇದೆಯಾ?” ಎಂದಳು. ಆ ಸಲದ ಗುಂಪು ಆಗಲೇ ತುಂಬಿತ್ತು. ಇನ್ನೊಂದು ಕುರ್ಚಿ ಹಾಕಿಸಿದೆ.