ಸಿಲಿಂಡರ್ ಗಾಳಿಗೆ ಎಣ್ಣೆ ವಾಸನೆ ಬಂದರೆ ‘ಆಕ್ಸಿಜನ್ ಹಾಗೇ ಇರುತ್ತೆ’ ಅನ್ನುವುದು ನಿಜವಾ?

ಪ್ರಶ್ನೆ: ಹೋದ ಭಾನುವಾರ ನಾವು ಐದು ಜನ ಗೆಳೆಯರು ಬೆಳಗಾವಿಯಿಂದ ಗೋವಾಕ್ಕೆ ಬಂದು ಗ್ರ್ಯಾಂಡ್ ಐಲ್ಯಾಂಡ್ ಹತ್ತಿರ ಸ್ಕೂಬಾ ಮಾಡಿದೆವು. ನನಗೆ ಕೊಟ್ಟ ಸಿಲಿಂಡರ್‌ನಿಂದ ಗ್ಯಾರೇಜಿನಲ್ಲಿ ಬರೋ ಥರ ಎಣ್ಣೆ ವಾಸನೆ ಬರುತ್ತಿತ್ತು. ಕೇಳಿದರೆ ‘ಆಕ್ಸಿಜನ್ ಹಾಗೇ ಇರುತ್ತೆ, ಮೊದಲ ಸಲ ಅಲ್ವಾ, ಅಭ್ಯಾಸ ಆಗುತ್ತೆ’ ಅಂದರು. ಮೇಲೆ ಬಂದ ಮೇಲೆ ರಾತ್ರಿ ಮನೆ ಮುಟ್ಟುವವರೆಗೂ ತಲೆನೋವು. ಅವರು ಹೇಳಿದ್ದು ನಿಜವಾ?

ಉತ್ತರ: ನಿಜವಲ್ಲ. ಆಕ್ಸಿಜನ್‌ಗೆ ವಾಸನೆ ಇಲ್ಲ, ರುಚಿ ಇಲ್ಲ, ಬಣ್ಣವೂ ಇಲ್ಲ. ಶಾಲೆಯಲ್ಲಿ ಎಲ್ಲರೂ ಓದಿದ್ದೇ ಇದು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಿಮ್ಮ ಬೆನ್ನಿಗೆ ಕಟ್ಟಿದ ಸಿಲಿಂಡರ್‌ನಲ್ಲಿ ತುಂಬಿದ್ದು ಗಾಳಿ. ಈಗ ನೀವು ಇದನ್ನು ಓದುತ್ತಾ ಉಸಿರಾಡುತ್ತಿದ್ದೀರಲ್ಲ, ಅದೇ ಗಾಳಿ.

ನಾನು ವಾಸ್ಕೋದಲ್ಲಿ ಇದ್ದುಕೊಂಡು ಡೈವಿಂಗ್ ಕಲಿಸಲು ಶುರು ಮಾಡಿ ಹನ್ನೆರಡು ವರ್ಷ ಆಯಿತು. ಮಳೆಗಾಲ ಬಿಟ್ಟರೆ ವಾರಕ್ಕೆ ಐದಾರು ದಿನ ಬೋಟ್ ಹತ್ತುತ್ತೇನೆ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆಯಿಂದ ಬರುವ ನಮ್ಮವರು ಬೋಟಿನಲ್ಲಿ ಕೂರುವ ಮೊದಲೇ ಕೇಳುತ್ತಾರೆ: ‘ಅಕ್ಕಾ, ಆಕ್ಸಿಜನ್ ಎಷ್ಟೊತ್ತು ಬರ್ತದರೀ?’ ಪ್ರತಿ ಸಲ ತಿದ್ದುತ್ತೇನೆ. ದಡಕ್ಕೆ ವಾಪಸ್ ಬರುವಷ್ಟರಲ್ಲಿ ಅದೇ ಜನ ಮನೆಗೆ ಫೋನ್ ಮಾಡಿ ‘ಆಕ್ಸಿಜನ್ ಸಿಲಿಂಡರ್ ಹಾಕ್ಕೊಂಡು ನೀರಾಗ ಇಳಿದಿದ್ವಿ’ ಅನ್ನುತ್ತಿರುತ್ತಾರೆ. ಪೇಪರ್‌ನಲ್ಲಿ ಹಾಗೇ ಬರೆಯುತ್ತಾರೆ, ಟಿವಿಯಲ್ಲಿ ಹಾಗೇ ಹೇಳುತ್ತಾರೆ. ಬಾಯಿಮಾತಿನ ತಪ್ಪು ಅಷ್ಟೇ ಅಂತ ಮೊದಲು ನಾನೂ ಬಿಟ್ಟುಬಿಡುತ್ತಿದ್ದೆ. ಈಗ ಬಿಡುವುದಿಲ್ಲ. ಈ ನಂಬಿಕೆ ಇರುವುದರಿಂದಲೇ ಕೆಟ್ಟ ಗಾಳಿ ಕೊಟ್ಟರೂ ಜನ ಸುಮ್ನೆ ಎಳೆದುಕೊಳ್ಳುತ್ತಾರೆ. ಆಕ್ಸಿಜನ್ ಹೇಗಿರುತ್ತದೋ ನಮಗೇನು ಗೊತ್ತು, ಅಂಗಡಿಯವರಿಗೆ ಗೊತ್ತಿರುತ್ತದೆ, ಅಂತ. ಅದು ಗಾಳಿ ಅಂತ ಗೊತ್ತಿದ್ದರೆ ಎಣ್ಣೆ ವಾಸನೆಗೆ ಅಲ್ಲೇ ಜಗಳ ತೆಗೆಯುತ್ತಿದ್ದರು.

ಹಾಗಾಗಿ ಇವತ್ತು ಬಿಡಿಸಿ ಹೇಳುತ್ತೇನೆ.

ಗಾಳಿಯಲ್ಲಿ ಶೇಕಡಾ 21ರಷ್ಟು ಆಕ್ಸಿಜನ್, 78ರಷ್ಟು ನೈಟ್ರೋಜನ್. ಡೈವ್ ಅಂಗಡಿಯ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದುಕೊಂಡು, ಸೋಸಿ, ಒತ್ತಿ ಸಿಲಿಂಡರ್‌ಗೆ ತುಂಬುತ್ತದೆ. ಇಲ್ಲಿ ಎಲ್ಲರೂ ಬಳಸುವ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ ಹಿಡಿಯುವುದು 11 ಲೀಟರ್. ಅದರೊಳಗೆ 200 ಬಾರ್ ಒತ್ತಡದಲ್ಲಿ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟಿನಲ್ಲಿ, ತುಂಬಿದರೆ 2,200 ಲೀಟರ್ ಗಾಳಿ. ಎರಡು ದೊಡ್ಡ ಬೀರು ತುಂಬುವಷ್ಟು ಗಾಳಿ ಮಗುವಿನೆತ್ತರದ ಒಂದು ಬಾಟಲಿಯಲ್ಲಿ ಕೂತಿರುತ್ತದೆ. ಅದರಲ್ಲಿ ಬೇರೆ ಏನನ್ನೂ ಬೆರೆಸಿರುವುದಿಲ್ಲ.

ಶುದ್ಧ ಆಕ್ಸಿಜನ್ ತುಂಬಿದರೆ ಇನ್ನೂ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ, ಅದು ಜೀವಕ್ಕೇ ಅಪಾಯ. ಒತ್ತಡ ಹೆಚ್ಚಾದಂತೆ ಆಕ್ಸಿಜನ್ ಮೆದುಳು ಮತ್ತು ನರಗಳಿಗೆ ವಿಷವಾಗುತ್ತದೆ. ಫ್ರಾನ್ಸಿನ ವಿಜ್ಞಾನಿ ಪಾಲ್ ಬೇರ್ ಇದನ್ನು 1878ರಲ್ಲೇ ಬರೆದಿಟ್ಟಿದ್ದಾರೆ. ಶುದ್ಧ ಆಕ್ಸಿಜನ್ ಉಸಿರಾಡಲು 6 ಮೀಟರ್ ಆಳವೇ ಕಟ್ಟಕಡೆಯ ಗೆರೆ. ಅದರ ಕೆಳಗೆ ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು. ಫಿಟ್ಸ್ ಬಂದರೆ ಬಾಯಿಂದ ಮೌತ್‌ಪೀಸ್ ಬೀಳುತ್ತದೆ. ಮುಂದಿನದು ಹೇಳಬೇಕಿಲ್ಲ. ನಿಮ್ಮನ್ನು ಇಳಿಸುವ ಜಾಗ 8 ಮೀಟರ್ ಇರುತ್ತದೆ, 10 ಮೀಟರ್ ಇರುತ್ತದೆ. ಅಂಗಡಿಯವರು ನಿಜಕ್ಕೂ ಆಕ್ಸಿಜನ್ ತುಂಬಿಕೊಟ್ಟಿದ್ದರೆ ಅದು ಸೇವೆ ಅಲ್ಲ, ಅಪರಾಧ.

ಇದು ತಲೆಗೆ ಹೋಗದಿದ್ದರೆ ನಿಮ್ಮೂರಿನ ಗ್ಯಾಸ್ ವೆಲ್ಡಿಂಗ್ ಶೆಡ್ಡಿಗೆ ಹೋಗಿ. ಎಣ್ಣೆ, ಗ್ರೀಸ್ ಹತ್ತಿದ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಲು ಆ ಮೇಸ್ತ್ರಿ ಬಿಡುವುದಿಲ್ಲ. ಹೆಚ್ಚು ಒತ್ತಡದ ಆಕ್ಸಿಜನ್‌ಗೆ ಎಣ್ಣೆ ಸಿಕ್ಕರೆ ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳಬಹುದು. ಈಗ ನಿಮ್ಮ ಸಿಲಿಂಡರ್ ನೆನಪಿಸಿಕೊಳ್ಳಿ. 200 ಬಾರ್ ಒತ್ತಡ, ಜೊತೆಗೆ ಎಣ್ಣೆ ವಾಸನೆ. ಒಳಗೆ ಶುದ್ಧ ಆಕ್ಸಿಜನ್ ಇದ್ದಿದ್ದರೆ ವಾಲ್ವ್ ತಿರುಗಿಸಿದ ಕೂಡಲೇ ಬೋಟಿಗೇ ಬೆಂಕಿ ಹತ್ತುವ ಅಪಾಯ ಇತ್ತು. ‘ಆಕ್ಸಿಜನ್‌ಗೆ ಎಣ್ಣೆ ವಾಸನೆ ಇರುತ್ತೆ’ ಅಂದವರು ಆಕ್ಸಿಜನ್ ಸಿಲಿಂಡರನ್ನು ಹತ್ತಿರದಿಂದ ಕಂಡವರಲ್ಲ.

ನೀವು ಕಂಡಿದ್ದೀರಿ. ಕೋವಿಡ್ ಸಮಯದಲ್ಲಿ ಆಸ್ಪತ್ರೆಗಳ ಮುಂದೆ ಸಾಲಾಗಿ ನಿಲ್ಲಿಸಿದ್ದರಲ್ಲ, ಕಪ್ಪು ಮೈ, ಬಿಳಿ ಹೆಗಲು. ನಮ್ಮ ದೇಶದಲ್ಲಿ ಆಸ್ಪತ್ರೆಯ ಆಕ್ಸಿಜನ್‌ಗೆ ಇರುವ ಬಣ್ಣ ಅದು. ಡೈವಿಂಗ್ ಸಿಲಿಂಡರ್ ಹಾಗಿರುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅಂತಲೂ ನನಗೆ ಗೊತ್ತು. ಎವರೆಸ್ಟ್ ಹತ್ತುವವರು ಆಕ್ಸಿಜನ್ ಹೊತ್ತುಕೊಂಡು ಹೋಗುತ್ತಾರೆ, ಆದ್ದರಿಂದ ಸಮುದ್ರಕ್ಕೆ ಇಳಿಯುವವರೂ ಹಾಗೇ ಇರಬೇಕು ಅನ್ನುವ ಲೆಕ್ಕ. ಲೆಕ್ಕ ತಲೆಕೆಳಗಾಗಿದೆ. ಬೆಟ್ಟದ ಮೇಲೆ ಗಾಳಿ ತೆಳುವಾಗುತ್ತದೆ, ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಕಡಿಮೆಯಾಗುತ್ತದೆ. ನೀರಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟು. ಸಿಲಿಂಡರ್‌ನ ಸಾದಾ ಗಾಳಿಯಲ್ಲೇ ದಡದಲ್ಲಿ ಸಿಗುವುದರ ಎರಡರಷ್ಟು ಆಕ್ಸಿಜನ್ ನಿಮಗೆ ಸಿಗುತ್ತಿರುತ್ತದೆ. ನೈಟ್ರಾಕ್ಸ್ ಅಂತ ಒಂದಿದೆ, ಅದರಲ್ಲಿ ಸಾಮಾನ್ಯವಾಗಿ ಶೇಕಡಾ 32 ಆಕ್ಸಿಜನ್ ಇರುತ್ತದೆ. ಅದಕ್ಕೆ ಬೇರೆ ತರಬೇತಿ ಬೇಕು. ಮೊದಲ ಸಲ ಇಳಿಯುವವರಿಗೆ ಅದರ ಮಾತೇ ಇಲ್ಲ.

ಸರಿ, ಹಾಗಾದರೆ ಆ ವಾಸನೆ ಏನು?

ಕಂಪ್ರೆಸರ್‌ಗೆ ಎಣ್ಣೆ ಹಾಕಿರುತ್ತಾರೆ. ಸವೆದ ರಿಂಗ್, ಹಳೇ ಫಿಲ್ಟರ್ ಇದ್ದರೆ ಆ ಎಣ್ಣೆಯ ಆವಿ ಗಾಳಿಗೆ ಸೇರುತ್ತದೆ. ಫಿಲ್ಟರ್ ಒಳಗಿನ ಇದ್ದಿಲು ಮತ್ತು ತೇವ ಹೀರುವ ಹರಳು ಇಷ್ಟು ಗಂಟೆ ಓಡಿದ ಮೇಲೆ ಬದಲಾಗಲೇಬೇಕು. ದುಡ್ಡು ಉಳಿಸುವವರು ಮೊದಲು ಉಳಿಸುವುದೇ ಅಲ್ಲಿ. ವಾಸನೆ ಬರೋದು ಎಣ್ಣೆಯದ್ದು. ನಾನು ಹೆದರುವುದು ಅದರ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ. ಅದಕ್ಕೆ ವಾಸನೆಯೇ ಇಲ್ಲ. ಮಿತಿಮೀರಿ ಕಾದ ಕಂಪ್ರೆಸರ್‌ನಲ್ಲಿ ಎಣ್ಣೆ ಸುಟ್ಟರೆ ಅದು ಹುಟ್ಟುತ್ತದೆ. ಡೀಸೆಲ್ ಎಂಜಿನ್ ಹೊಗೆ ಒಳಗೆ ಎಳೆದರೂ ಬರುತ್ತದೆ. ರಕ್ತದಲ್ಲಿ ಆಕ್ಸಿಜನ್ ಕೂರಬೇಕಾದ ಜಾಗವನ್ನು ಅದು ಹಿಡಿಯುತ್ತದೆ, ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ಯುರೋಪಿನ ಉಸಿರಾಟದ ಗಾಳಿಯ ಮಾನದಂಡದಲ್ಲಿ ಅದಕ್ಕಿರುವ ಮಿತಿ ಹತ್ತು ಲಕ್ಷದಲ್ಲಿ 5 ಭಾಗ ಮಾತ್ರ. 10 ಮೀಟರ್ ಆಳದಲ್ಲಿ ಅದರ ಒತ್ತಡವೂ ಎರಡರಷ್ಟಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೊಂದು ಅಂಗಡಿಯಿಂದ ಸಿಲಿಂಡರ್ ಬಾಡಿಗೆಗೆ ತರುತ್ತಿದ್ದೆವು. ಬೆಳಿಗ್ಗೆ ತುಂಬಿಸಿದ್ದು ಚೆನ್ನಾಗಿರುತ್ತಿತ್ತು, ಮಧ್ಯಾಹ್ನ ತುಂಬಿಸಿದ್ದರಲ್ಲಿ ಇಳಿದರೆ ತಲೆ ಸಿಡಿಯುತ್ತಿತ್ತು. ಒಂದು ದಿನ ನಾನೇ ಅವರ ಹಿತ್ತಲಿಗೆ ಹೋಗಿ ನೋಡಿದೆ. ಕಂಪ್ರೆಸರ್ ಗಾಳಿ ಎಳೆಯುವ ಪೈಪನ್ನು ನೈಲಾನ್ ಹಗ್ಗದಲ್ಲಿ ಕಿಟಕಿ ಸರಳಿಗೆ ಕಟ್ಟಿದ್ದರು. ಅದರಿಂದ ನಾಲ್ಕು ಹೆಜ್ಜೆ ಆಚೆ ಜನರೇಟರ್. ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುವಾಗ ಹೊಗೆ ಆಚೆ ಹೋಗುತ್ತಿತ್ತು. ಮಧ್ಯಾಹ್ನ ಕಡಲಗಾಳಿ ಶುರುವಾದರೆ ಹೊಗೆ ನೇರ ಪೈಪಿನ ಬಾಯಿಗೆ. ಮಾಲೀಕರಿಗೆ ತೋರಿಸಿದೆ. ‘ಇಷ್ಟು ವರ್ಷದಿಂದ ಹೀಗೇ ಇದೆ, ಯಾರೂ ಏನೂ ಹೇಳಿಲ್ಲ’ ಅಂದರು. ಯಾರೂ ಹೇಳಲಿಲ್ಲ, ಯಾಕಂದ್ರೆ ಬೋಟಿನಲ್ಲಿ ತಲೆನೋವು ಬಂದರೆ ಎಲ್ಲರೂ ಅಲೆಯ ಮೇಲೆ ಹಾಕುತ್ತಾರೆ, ಇಲ್ಲವೇ ಹಿಂದಿನ ರಾತ್ರಿಯ ಬಿಯರ್ ಮೇಲೆ.

ತಲೆನೋವಿಗೆ ಬಿಗಿ ಮಾಸ್ಕ್, ಬಿಸಿಲು, ಉಸಿರು ಹಿಡಿದು ಬಿಡುವುದು ಕೂಡ ಕಾರಣ ಆಗುತ್ತದೆ. ಆದರೆ ಎಣ್ಣೆ ವಾಸನೆಯೂ ತಲೆನೋವೂ ಜೊತೆಯಾಗಿ ಬಂದರೆ ಮೊದಲು ಗಾಳಿಯನ್ನೇ ಅನುಮಾನಿಸಬೇಕು. ವಾಕರಿಕೆ, ತಲೆಸುತ್ತು, ಮಂಪರು ಸೇರಿದರೆ ಕಾಯಬೇಡಿ. ಬೋಟಿನಲ್ಲಿ ನಿಜವಾದ ಆಕ್ಸಿಜನ್ ಇದ್ದರೆ ಕೊಡಿಸಿ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಹೊರಡಿ.

ಇಳಿಯುವ ಮೊದಲು ಎರಡೇ ನಿಮಿಷದ ಕೆಲಸ. ಬಿಳಿ ಕರವಸ್ತ್ರ ಒಂದು ಜೇಬಿನಲ್ಲಿರಲಿ. ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಜೋಡಿಸುವ ಮೊದಲು ಸಿಲಿಂಡರ್ ವಾಲ್ವನ್ನು ಸ್ವಲ್ಪವೇ ತೆರೆದು ಬಟ್ಟೆಯ ಮೇಲೆ ಗಾಳಿ ಬಿಡಲು ಹೇಳಿ. ಬಟ್ಟೆ ಮೂಸಿ ನೋಡಿ. ವಾಸನೆ ಬಂದರೆ, ಹಳದಿ ಕಲೆ ಕಂಡರೆ, ಆ ಸಿಲಿಂಡರ್ ಬೇಡ. ಒಳ್ಳೆಯ ಗಾಳಿ ಒಣಗಿರುತ್ತದೆ, ತಣ್ಣಗಿರುತ್ತದೆ, ಅಷ್ಟೇ. ಮೌತ್‌ಪೀಸ್‌ನ ರಬ್ಬರ್ ರುಚಿ ಇರಬಹುದು, ಅದಕ್ಕೆ ಹೆದರಬೇಡಿ. ಆಮೇಲೆ ಒತ್ತಡ ತೋರಿಸುವ ಗೇಜ್ ನೋಡುತ್ತಾ ನಾಲ್ಕು ಸಲ ಜೋರಾಗಿ ಉಸಿರು ಎಳೆಯಿರಿ. ಮುಳ್ಳು ಅಲುಗಾಡಬಾರದು. ಎಳೆದಾಗ ಕೆಳಗಿಳಿದು, ಬಿಟ್ಟಾಗ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಒಳಗೆ ಕಸ ಕಟ್ಟಿದೆ. ಇಳಿಯಬೇಡಿ.

ಆಗ ಅಂಗಡಿಯವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರಲ್ಲೇ ಅಂಗಡಿ ಗೊತ್ತಾಗುತ್ತದೆ. ಒಳ್ಳೆಯವರು ಮರುಮಾತಿಲ್ಲದೆ ಬೇರೆ ಸಿಲಿಂಡರ್ ಕೊಡುತ್ತಾರೆ, ಕೆಟ್ಟದ್ದಕ್ಕೆ ಟೇಪ್ ಸುತ್ತಿ ಬದಿಗಿಡುತ್ತಾರೆ. ಫಿಲ್ಟರ್ ಯಾವಾಗ ಬದಲಿಸಿದ್ದು ಅಂತ ಕೇಳಿದರೆ ಪುಸ್ತಕ ತೆಗೆದು ತೋರಿಸುತ್ತಾರೆ. ಬೋಟಿನಲ್ಲಿ ತುರ್ತಿಗೆ ಆಕ್ಸಿಜನ್ ಇದೆಯಾ ಅಂತಲೂ ಕೇಳಿ. ಈ ಪ್ರಶ್ನೆಗೆ ನಿಮ್ಮ ಬೆನ್ನಿನ ಸಿಲಿಂಡರನ್ನೇ ತೋರಿಸುವ ಅಂಗಡಿಯಿಂದ ಎದ್ದು ಬನ್ನಿ.

‘ಫಾರ್ಮ್‌ಗೆ ಸಹಿ ಹಾಕಿದೀವಲ್ಲ, ಇನ್ನೇನು ಕೇಳೋದು’ ಅನ್ನಬೇಡಿ. ಸಹಿ ಹಾಕಿದ್ದು ಸಮುದ್ರದ ಸಹಜ ಅಪಾಯಕ್ಕೆ, ಕೆಟ್ಟ ಗಾಳಿಗಲ್ಲ. ಬಿಲ್ ಇಟ್ಟುಕೊಳ್ಳಿ, ಸಿಲಿಂಡರ್ ಹೆಗಲ ಮೇಲೆ ಕೊರೆದ ನಂಬರಿನ ಫೋಟೋ ತೆಗೆದುಕೊಳ್ಳಿ. ಗ್ರಾಹಕರ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಗೋವಾಕ್ಕೆ ಓಡಾಡಬೇಕಿಲ್ಲ, ನೀವಿರುವ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ಕೊಡಬಹುದು.

ಈಗ ನೀವು ಕೇಳದೇ ಇದ್ದ ಒಂದು ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ರಾತ್ರಿ ಮನೆ ಮುಟ್ಟುವವರೆಗೂ’ ಅನ್ನುವ ಮಾತು. ಅಂದರೆ ಡೈವ್ ಮುಗಿಸಿ ಅದೇ ಸಂಜೆ ಚೋರ್ಲಾ ಘಾಟ್ ಹತ್ತಿದ್ದೀರಿ.

ಸಿಲಿಂಡರ್‌ನಲ್ಲಿ ಇದ್ದದ್ದು ಗಾಳಿ, ಅದರ 78 ಪಾಲು ನೈಟ್ರೋಜನ್ ಅಂದೆನಲ್ಲ. ಆಳದಲ್ಲಿ ಆ ನೈಟ್ರೋಜನ್ ಮೈಯೊಳಗೆ ಕರಗಿ ಸೇರುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ಸಮಯ ತೆಗೆದುಕೊಂಡು ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ, ಮೈಯೊಳಗೆ ನೈಟ್ರೋಜನ್ ಗುಳ್ಳೆ ಏಳಬಹುದು. ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಘಾಟ್ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಡೈವರ್‌ಗಳ ಸುರಕ್ಷತೆಗೆ ಕೆಲಸ ಮಾಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಪ್ರಕಾರ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಮೂರು ಡೈವ್ ಆದರೆ 18 ಗಂಟೆ ಕಾಯಬೇಕು. ಆ ಲೆಕ್ಕ ಶುರುವಾಗುವುದು 2,000 ಅಡಿ, ಅಂದರೆ 600 ಮೀಟರ್ ಎತ್ತರದಿಂದ. ಬೆಳಗಾವಿ ಇರುವುದೇ 750 ಮೀಟರ್ ಆಸುಪಾಸು, ಬೆಂಗಳೂರು 900 ಮೀಟರ್‌ಗೂ ಮೇಲೆ. ಎಂಟು ಮೀಟರ್ ಆಳದಲ್ಲಿ ಇಪ್ಪತ್ತು ನಿಮಿಷ ಇದ್ದು ಬಂದವರಿಗೆ ಅಪಾಯ ಕಡಿಮೆ, ಅದು ನಿಜ. ಆದ್ರೆ ಒಂದು ರಾತ್ರಿ ಉಳಿದುಕೊಂಡರೆ ಆ ಕಡಿಮೆ ಅಪಾಯವೂ ಇನ್ನಷ್ಟು ತಗ್ಗುತ್ತದೆ.

ನಮ್ಮವರು ಸ್ಕೂಬಾವನ್ನು ಯಾವಾಗಲೂ ಕೊನೆಯ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಶನಿವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಭಾನುವಾರ ಬೀಚ್ ನೋಡಿ, ಮಧ್ಯಾಹ್ನ ಮೀನೂಟ ಮುಗಿಸಿ ಘಾಟ್ ಹತ್ತಿ. ಊರು ಸೇರಿದ ಮೇಲೆ ಭುಜ, ಮೊಣಕೈ ಒಳಗಿನಿಂದ ನೋಯತೊಡಗಿದರೆ, ಕೈಕಾಲು ಜುಮ್ಮೆಂದರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ‘ನಿನ್ನೆ ಸ್ಕೂಬಾ ಮಾಡಿದ್ದೆ’ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಅಲ್ಲಿ ನಿಮಗೆ ಮೊದಲು ಕೊಡಬೇಕಾದದ್ದು ಆ ಕಪ್ಪು ಮೈ, ಬಿಳಿ ಹೆಗಲಿನ ಸಿಲಿಂಡರ್‌ನ ಆಕ್ಸಿಜನ್.