ಹಕ್ಕಿ ಚುಕ್ಕೆಯಾಗಿ ಬರುತ್ತಿದೆ: 300 ಎಂಎಂ ಸಾಕೇ, 600 ಬೇಕೇ?

ಪ್ರಶ್ನೆ: ನನ್ನಲ್ಲಿ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಇದೆ. ಜೊತೆಗೆ 18-55 ಮತ್ತು 55-250 ಎಂಎಂ ಲೆನ್ಸ್‌ಗಳಿವೆ. ಬಿಡುವಿನ ದಿನಗಳಲ್ಲಿ ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯುವ ಹವ್ಯಾಸ. ಹಕ್ಕಿಗಳು ತೀರಾ ಚಿಕ್ಕದಾಗಿ ಬರುತ್ತವೆ, ಹಿಗ್ಗಿಸಿ ನೋಡಿದರೆ ಮಸುಕು. ತುಂಬಾ ದುಡ್ಡು ಹಾಕಲಾರೆ. 70-300 ಕೊಂಡರೆ ಸಾಕೇ ಅಥವಾ 150-600ಕ್ಕೇ ಹೋಗಬೇಕೇ?

ಉತ್ತರ: ಮೊದಲೇ ಹೇಳಿಬಿಡುತ್ತೇವೆ, 55-250 ಕೈಯಲ್ಲಿರುವವರು 70-300 ಕೊಳ್ಳುವುದು ದಂಡ. 250ರಿಂದ 300ಕ್ಕೆ ಹೋದರೆ ಹಕ್ಕಿಯ ಬಿಂಬ ಐದನೇ ಒಂದು ಪಾಲು ದೊಡ್ಡದಾಗುತ್ತದೆ, ಅಷ್ಟೆ. 12 ಮೀಟರ್ ದೂರದಲ್ಲಿ ನಿಂತವರು 2 ಮೀಟರ್ ಮುಂದೆ ಸರಿದರೂ ಅಷ್ಟೇ ಲಾಭ ಸಿಗುತ್ತದೆ. ಕೊಳ್ಳುವುದಾದರೆ 400ರವರೆಗೆ ಹೋಗುವ, ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇರುವ ಲೆನ್ಸ್ ಕೊಳ್ಳಿ. ಸಣ್ಣ ಹಕ್ಕಿಗಳೇ ನಿಮ್ಮ ಮುಖ್ಯ ಆಸಕ್ತಿಯಾಗಿದ್ದು, ಎರಡು ಕೆ.ಜಿ. ಹೊರಲು ಸಿದ್ಧರಿದ್ದರೆ ಮಾತ್ರ 150-600. ಆದರೆ ಅದಕ್ಕೂ ಮೊದಲು ನೀವು ಹೇಳಿದ ಆ ಮಸುಕು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಬೇಕು. ಕಾರಣ ಲೆನ್ಸಿನ ಉದ್ದವಲ್ಲದಿದ್ದರೆ, ಹೊಸ ಲೆನ್ಸಿನಲ್ಲಿ ಅದೇ ಮಸುಕು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಮಸುಕು ಯಾವ ಬಗೆಯದು?

ಇತ್ತೀಚಿನ ಹತ್ತಿಪ್ಪತ್ತು ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ತೆರೆದು ನೂರಕ್ಕೆ ನೂರು ಗಾತ್ರದಲ್ಲಿ ನೋಡಿ. ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅದು ಕೈ ನಡುಕ. ಕೊಂಬೆ ಸ್ಪಷ್ಟವಾಗಿದ್ದು ಹಕ್ಕಿಯ ತಲೆ ಮಾತ್ರ ಮಸುಕಾಗಿದ್ದರೆ ಹಕ್ಕಿ ಅಲುಗಾಡಿದೆ, ಶಟರ್ ಸ್ಪೀಡ್ ಸಾಲದು. ಹಕ್ಕಿಯ ಮುಂದಿನ ಹುಲ್ಲೋ ಹಿಂದಿನ ಎಲೆಯೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಇವ್ಯಾವುದೂ ಅಲ್ಲದೆ, ದಿಕ್ಕಿಲ್ಲದ ಮೆದು ಮೆದು ಚಿತ್ರ ಮತ್ತು ಹಕ್ಕಿ ಕೆಲವೇ ನೂರು ಪಿಕ್ಸೆಲ್ ಅಗಲವಾಗಿದ್ದರೆ ಆಗ ಮಾತ್ರ ಅದು ಎಂಎಂ ಕೊರತೆ. ಮೊದಲ ಮೂರನ್ನು ಈಗಿರುವ ಲೆನ್ಸಿನಲ್ಲೇ ಸರಿಪಡಿಸಬಹುದು. ಕುಳಿತ ಹಕ್ಕಿಗೆ 1/500 ಸೆಕೆಂಡ್‌ಗಿಂತ ನಿಧಾನ ಬೇಡ, ಫೋಕಸ್ ಪಾಯಿಂಟ್ ಒಂದನ್ನೇ ಆರಿಸಿ ಕಣ್ಣಿನ ಮೇಲಿಡಿ. ಸ್ಟೆಬಿಲೈಸೇಶನ್ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನು ತಡೆಯುವುದಿಲ್ಲ. ಅದನ್ನು ನಂಬಿ 1/60ರಲ್ಲಿ ಹಕ್ಕಿ ತೆಗೆಯುವುದು ಹೊಸಬರಲ್ಲಿ ತೀರಾ ಸಾಮಾನ್ಯ ತಪ್ಪು.

ದೂರದ ಲೆಕ್ಕ

ಸೆನ್ಸರ್ ಮೇಲೆ ಬೀಳುವ ಬಿಂಬದ ಗಾತ್ರ ತಿಳಿಯಲು ಪ್ರಾಣಿಯ ಗಾತ್ರವನ್ನು ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಎಂಎಂ ಸಂಖ್ಯೆಯಿಂದ) ಗುಣಿಸಿ, ದೂರದಿಂದ ಭಾಗಿಸಿ. ಗುಬ್ಬಚ್ಚಿ ಸುಮಾರು 15 ಸೆಂ.ಮೀ. ಉದ್ದ. 10 ಮೀಟರ್ ದೂರದಿಂದ 250 ಎಂಎಂನಲ್ಲಿ ಅದರ ಬಿಂಬ 3.75 ಮಿ.ಮೀ., 400ರಲ್ಲಿ 6 ಮಿ.ಮೀ., 600ರಲ್ಲಿ 9 ಮಿ.ಮೀ. ನಿಮ್ಮ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, ಅದರಲ್ಲಿ 6000 ಪಿಕ್ಸೆಲ್. ಅಂದರೆ ಪ್ರತಿ ಮಿ.ಮೀ.ಗೆ 255. ಹಾಗಾಗಿ ಗುಬ್ಬಚ್ಚಿ ಕ್ರಮವಾಗಿ ಸುಮಾರು 950, 1500, 2300 ಪಿಕ್ಸೆಲ್ ಉದ್ದ ಬರುತ್ತದೆ. ದೂರ 20 ಮೀಟರ್ ಆದರೆ ಎಲ್ಲವೂ ಅರ್ಧ.

ಎಷ್ಟು ಪಿಕ್ಸೆಲ್ ಬೇಕು? ಎ4 ಅಳತೆಯ ಒಳ್ಳೆಯ ಮುದ್ರಣಕ್ಕೆ ಉದ್ದಬದಿಯಲ್ಲಿ ಸುಮಾರು 3500 ಪಿಕ್ಸೆಲ್ ಬೇಕು. ಹಕ್ಕಿ ಅದರ ಮೂರನೇ ಒಂದು ಭಾಗ ತುಂಬಬೇಕೆಂದರೆ 1200ರ ಆಸುಪಾಸು. ಈಗ ನಿಮ್ಮ ಸ್ಥಿತಿ ನೋಡಿ: 10 ಮೀಟರ್‌ನಲ್ಲಿ 250 ಎಂಎಂ ಈ ಗುರಿಯ ಹತ್ತಿರಕ್ಕೇ ಬರುತ್ತದೆ. 15 ಮೀಟರ್ ದಾಟಿದ ಮೇಲೆ ಕೈಕೊಡುತ್ತದೆ. 400 ಎಂಎಂ ಇದ್ದರೆ 12-13 ಮೀಟರ್‌ವರೆಗೂ ಗುಬ್ಬಚ್ಚಿ ಸಿಕ್ಕೀತು, 600 ಇದ್ದರೆ 19ರವರೆಗೆ. ಜಿಂಕೆ, ಮಂಗ, ಕೊಕ್ಕರೆಗಳಂಥ ದೊಡ್ಡವಕ್ಕೆ ಈ ದೂರಗಳು ಎಷ್ಟೋ ಪಟ್ಟು ಹೆಚ್ಚು. ಅವನ್ನೇ ಹೆಚ್ಚು ತೆಗೆಯುವವರಿಗೆ 600 ಅಗತ್ಯವಿಲ್ಲ, ಹತ್ತಿರ ಬಂದ ಪ್ರಾಣಿ ಚೌಕಟ್ಟಿನಲ್ಲಿ ಹಿಡಿಸದೇ ಹೋಗಬಹುದು.

ಎಪಿಎಸ್-ಸಿಯಲ್ಲಿ 400 ಎಂಎಂ ಲೆನ್ಸ್ 600 ಆಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಲೆನ್ಸ್ ಬದಲಾಗುವುದಿಲ್ಲ, ಸೆನ್ಸರ್ ನೋಟದ ನಡುಭಾಗವನ್ನಷ್ಟೇ ಕತ್ತರಿಸಿಕೊಳ್ಳುತ್ತದೆ. ಆದರೆ 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್‌ಗೆ (ದೊಡ್ಡ ಸೆನ್ಸರ್‌ನ ಕ್ಯಾಮೆರಾಗೆ) ಹೋಲಿಸಿದರೆ ನಿಮ್ಮ ಕ್ಯಾಮೆರಾ ಅದೇ ಹಕ್ಕಿಯ ಉದ್ದಕ್ಕೆ ಒಂದೂವರೆ ಪಟ್ಟು ಹೆಚ್ಚು ಪಿಕ್ಸೆಲ್ ಕೊಡುತ್ತದೆ. ಕಡಿಮೆ ಖರ್ಚಿನಲ್ಲಿ ವನ್ಯಜೀವಿ ತೆಗೆಯುವವರಿಗೆ ಇದು ವರದಾನ. ದೂರದ ಹಕ್ಕಿಗಾಗಿ ಎಂದು ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಹಣ ಹಾಕಬೇಡಿ.

ಬೆಳಕು ಮತ್ತು ಗಾಜಿನ ಅಗಲ

ದುಬಾರಿ ಲೆನ್ಸ್ ಏಕೆ ದುಬಾರಿ ಎನ್ನುವುದಕ್ಕೂ ಒಂದು ಭಾಗಾಕಾರವೇ ಉತ್ತರ. ಫೋಕಲ್ ಲೆಂಗ್ತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ (ಅಪರ್ಚರ್) ಅಗಲ ಸಿಗುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. 600 ಎಂಎಂ ಎಫ್/6.3 ಲೆನ್ಸಿಗೆ ಮುಂದಿನ ಗಾಜು ಕನಿಷ್ಠ 95 ಮಿ.ಮೀ. ಅಗಲ ಬೇಕು, 600 ಎಫ್/4ಕ್ಕೆ 150 ಮಿ.ಮೀ. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ತಯಾರಿಸಿ ಉಜ್ಜುವುದಕ್ಕೇ ಹಣ. ಕೈಗೆಟುಕುವ ಲೆನ್ಸುಗಳೆಲ್ಲ ಎಫ್/5.6, 6.3ರಲ್ಲಿ ನಿಲ್ಲುವುದು ಇದಕ್ಕೇ.

ಇದರಿಂದ ಆಗುವ ತೊಂದರೆ ಎಷ್ಟು? ಸೂರ್ಯ ಮೂಡಿದ ಹೊಸತರಲ್ಲಿ, ಮರದ ನೆರಳಿನಲ್ಲಿ ಕುಳಿತ ಹಕ್ಕಿ ಎಂದಿಟ್ಟುಕೊಳ್ಳಿ. ಅಂಥ ಬೆಳಕಿನಲ್ಲಿ ಎಫ್/6.3ಕ್ಕೆ 1/800 ಸೆಕೆಂಡ್ ಬೇಕೆಂದರೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 3200ರ ಸುತ್ತ ಹೋಗಬೇಕು. ಎಫ್/4 ಇದ್ದಿದ್ದರೆ 1250 ಸಾಕಿತ್ತು. ಇಂದಿನ ಎಪಿಎಸ್-ಸಿ ಸೆನ್ಸರ್‌ಗಳಲ್ಲಿ, ರಾ (ಸಂಸ್ಕರಿಸದ) ಫೈಲ್ ತೆಗೆದು ನಾಯ್ಸ್ (ಚಿತ್ರದ ಕಾಳುಕಾಳು ಕಲೆ) ಇಳಿಸಿಕೊಂಡರೆ 3200 ಧಾರಾಳವಾಗಿ ನಡೆಯುತ್ತದೆ. ಅದೇ ಬೆಳಕಿನಲ್ಲಿ ಎಫ್/11 ಲೆನ್ಸಿಗೆ ಹತ್ತು ಸಾವಿರದ ಹತ್ತಿರ ಬೇಕು. ಕ್ಯಾನನ್ 2020ರಲ್ಲಿ ತಂದ ಆರ್‌ಎಫ್ 600 ಮತ್ತು 800 ಎಂಎಂ ಎಫ್/11 ಲೆನ್ಸುಗಳು ಹಗುರ, ಅಗ್ಗ, ಬಿಸಿಲಿನಲ್ಲಿ ಚೆನ್ನ. ಕಾಡಿನೊಳಗಿನ ಮುಂಜಾವಿಗೆ ಅವು ಹೊಂದುವುದಿಲ್ಲ. 800ರದ್ದು ಆರು ಮೀಟರ್‌ಗಿಂತ ಹತ್ತಿರದ್ದನ್ನು ಫೋಕಸ್ ಮಾಡುವುದೂ ಇಲ್ಲ.

400ರ ವರ್ಗ, 600ರ ವರ್ಗ

ನಮ್ಮ ಒಲವು 100-400ರ ಕಡೆಗೆ. ಸಿಗ್ಮಾ 100-400 ಎಫ್/5-6.3 ಕಂಟೆಂಪರರಿ ಮತ್ತು ಟ್ಯಾಮ್ರಾನ್ 100-400 ಎಫ್/4.5-6.3, ಎರಡೂ 2017ರಲ್ಲಿ ಬಂದವು, ಎರಡೂ ಹೆಚ್ಚುಕಡಿಮೆ 1.1 ಕೆ.ಜಿ. ಕ್ಯಾನನ್ ಮತ್ತು ನಿಕಾನ್ ಡಿಎಸ್‌ಎಲ್‌ಆರ್‌ಗಳಿಗೆ (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಿಗೆ) ಇವೆ. ಕ್ಯಾನನ್ ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಇದ್ದವರಿಗೆ ಆರ್‌ಎಫ್ 100-400 ಎಫ್/5.6-8 ಬರೀ 635 ಗ್ರಾಂ. 400ರಲ್ಲಿ ಎಫ್/8 ಎಂಬುದೊಂದೇ ಕೊರತೆ, ಆದರೂ ಆ ಬೆಲೆಗೆ, ಆ ತೂಕಕ್ಕೆ ನಮಗೆ ಅದು ತುಂಬಾ ಇಷ್ಟ. ಸೋನಿ ಎಪಿಎಸ್-ಸಿಗೆ 70-350 ಎಫ್/4.5-6.3 ಜಿ ಇದೆ, 625 ಗ್ರಾಂ. ದಿನವಿಡೀ ಕುತ್ತಿಗೆಯಲ್ಲಿದ್ದರೂ ಭಾರವಾಗದ ಲೆನ್ಸ್ ಹಕ್ಕಿ ಕಂಡ ಕ್ಷಣದಲ್ಲಿ ಕೈಯಲ್ಲಿರುತ್ತದೆ. ಭಾರದ್ದು ಆಗ ಚೀಲದಲ್ಲಿರುತ್ತದೆ.

600ರ ವರ್ಗದಲ್ಲಿ ಸಿಗ್ಮಾ 150-600 ಕಂಟೆಂಪರರಿ 1.93 ಕೆ.ಜಿ., ಟ್ಯಾಮ್ರಾನ್ 150-600 ಜಿ2 ಸುಮಾರು ಎರಡು ಕೆ.ಜಿ. ಸಿಗ್ಮಾದ್ದೇ ಸ್ಪೋರ್ಟ್ಸ್ ಮಾದರಿ 2.86 ಕೆ.ಜಿ., ಅದನ್ನು ಕೈಯಲ್ಲಿ ಹಿಡಿದು ತೆಗೆಯುತ್ತೇನೆ ಎನ್ನಬೇಡಿ. ನಿಕಾನ್ 200-500 ಎಫ್/5.6 ಸುಮಾರು 2.3 ಕೆ.ಜಿ., ಉದ್ದಕ್ಕೂ ಎಫ್/5.6 ಉಳಿಯುವುದು ಅದರ ಬಲ. ಕ್ಯಾನನ್ ಇಎಫ್ 400 ಎಂಎಂ ಎಫ್/5.6 ಎಲ್ 1993ರದ್ದು. ಅದರಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಆದರೆ ಅತಿ ಚೂಪು, ಫೋಕಸ್ ಚುರುಕು. ಹಾರುವ ಹಕ್ಕಿಗೆ 1/2000 ಇಡುವುದರಿಂದ ಸ್ಟೆಬಿಲೈಸೇಶನ್ ಇಲ್ಲದ್ದು ಅಷ್ಟಾಗಿ ಕಾಡದು. ಹದ್ದು, ಕೊಕ್ಕರೆಗಳ ಹಾರಾಟವೇ ಬೇಕೆನ್ನುವವರು ಸೆಕೆಂಡ್ ಹ್ಯಾಂಡ್‌ನಲ್ಲಿ ಇದನ್ನು ಹುಡುಕಬಹುದು.

150-600 ಕೊಂಡರೆ ಅದರೊಂದಿಗೆ ಮೊನೊಪಾಡ್ (ಒಂಟಿ ಕಾಲಿನ ಆಸರೆ) ಖರ್ಚನ್ನೂ ಸೇರಿಸಿಕೊಳ್ಳಿ. ವಾಹನದ ಕಿಟಕಿಯಿಂದ ತೆಗೆಯುವುದಾದರೆ ದಪ್ಪ ಬಟ್ಟೆಯ ಚೀಲಕ್ಕೆ ಒಂದೆರಡು ಕೆ.ಜಿ. ಕಾಳು ತುಂಬಿ ಹೊಲಿದರೆ ಅದೇ ಬೀನ್ ಬ್ಯಾಗ್. ಟ್ರೈಪಾಡ್‌ಗಿಂತ ಚೆನ್ನಾಗಿ ಕೂರುತ್ತದೆ, ಎಂಜಿನ್ ಮಾತ್ರ ಆಫ್ ಆಗಿರಬೇಕು. ನಡೆಯುವಾಗ ಕ್ಯಾಮೆರಾ ಪಟ್ಟಿಯಿಂದ ನೇತುಹಾಕಬೇಡಿ, ಅಷ್ಟೂ ಭಾರ ಮೌಂಟ್ (ಲೆನ್ಸ್ ಕ್ಯಾಮೆರಾಕ್ಕೆ ಸೇರುವ ಜಾಗ) ಮೇಲೆ ಬೀಳುತ್ತದೆ. ಲೆನ್ಸಿನ ಟ್ರೈಪಾಡ್ ಕಾಲರ್ (ಲೆನ್ಸಿನ ಸುತ್ತ ಇರುವ, ಟ್ರೈಪಾಡ್‌ಗೆ ಸಿಕ್ಕಿಸುವ ಬಳೆ) ಹಿಡಿದು ಹೊರಬೇಕು.

ದೂರವಿಡಬೇಕಾದವು

ಸ್ಟೆಬಿಲೈಸೇಶನ್ ಇಲ್ಲದ ಹಳೆಯ 70-300, 75-300 ಲೆನ್ಸುಗಳು ಎಲ್ಲಕ್ಕಿಂತ ಅಗ್ಗವಾಗಿ ಸಿಗುತ್ತವೆ. ಕ್ಯಾಮೆರಾದೊಳಗೇ ಸ್ಟೆಬಿಲೈಸೇಶನ್ ಇಲ್ಲದಿದ್ದರೆ ಅವನ್ನು ಮುಟ್ಟಬೇಡಿ. 250 ಎಂಎಂ ಲೆನ್ಸಿಗೆ ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ, ಬಿಂಬ ಹಿಗ್ಗಿಸುವ ಗಾಜು) ಹಾಕುವ ಯೋಚನೆಯನ್ನೂ ಬಿಡಿ. 1.4 ಪಟ್ಟಿನದ್ದು ಒಂದು ಸ್ಟಾಪ್, 2 ಪಟ್ಟಿನದ್ದು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಪ್ರತಿ ಸ್ಟಾಪ್‌ಗೆ ಬೆಳಕು ಅರ್ಧಕ್ಕಿಳಿಯುತ್ತದೆ). ಎಫ್/6.3ರ ಲೆನ್ಸ್ 1.4ರೊಂದಿಗೆ ಎಫ್/9 ಆಗುತ್ತದೆ, ಬಹುತೇಕ ಡಿಎಸ್‌ಎಲ್‌ಆರ್‌ಗಳ ಆಟೊಫೋಕಸ್ ಅಲ್ಲಿ ಸೋಲುತ್ತದೆ. ಲೆನ್ಸಿನಲ್ಲಿ ಇಲ್ಲದ ವಿವರವನ್ನು ಕನ್ವರ್ಟರ್ ತಂದುಕೊಡಲಾರದು.

ಮೌಂಟ್ ಒಂದೇ ಆದರೂ ಎಲ್ಲ ಲೆನ್ಸ್ ಎಲ್ಲ ಕ್ಯಾಮೆರಾದಲ್ಲಿ ಕೆಲಸ ಮಾಡುವುದಿಲ್ಲ, ನಿಕಾನ್‌ನಲ್ಲಿ ಇದು ಹೆಚ್ಚು. ಮೋಟಾರ್ ಇಲ್ಲದ ಹಳೆಯ ಎಎಫ್ ಲೆನ್ಸುಗಳು ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆಟೊಫೋಕಸ್ ಆಗುವುದಿಲ್ಲ, ಮಿರರ್‌ಲೆಸ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಆಗುವುದಿಲ್ಲ. ಹೊಸ ಬಗೆಯ ಮೋಟಾರ್ ಇರುವ ಎಎಫ್-ಪಿ ಲೆನ್ಸುಗಳು ಡಿ90ರಂಥ ಹಳೆಯ ಕ್ಯಾಮೆರಾದಲ್ಲಿ ಫೋಕಸ್ ಆಗುವುದೇ ಇಲ್ಲ. ಕ್ಯಾನನ್‌ನ ಇಎಫ್ ಲೆನ್ಸ್ ಅಡಾಪ್ಟರ್ ಮೂಲಕ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗೆ ಹೊಂದುತ್ತದೆ, ಆರ್‌ಎಫ್ ಲೆನ್ಸ್ ಡಿಎಸ್‌ಎಲ್‌ಆರ್‌ಗೆ ಹೊಂದದು. ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳನ್ನು ಅಡಾಪ್ಟರ್‌ನೊಂದಿಗೆ ಬಳಸುವುದಾದರೆ ಫರ್ಮ್‌ವೇರ್ (ಲೆನ್ಸಿನೊಳಗಿನ ತಂತ್ರಾಂಶ) ಹೊಸದಿದೆಯೇ ಎಂದು ಕೇಳಿ.

ಸೆಕೆಂಡ್ ಹ್ಯಾಂಡ್ ಪರೀಕ್ಷೆ

ನಿಮ್ಮ ಬಜೆಟ್‌ಗೆ ಬಹುಶಃ ಇದೇ ದಾರಿ. ನಿಮ್ಮದೇ ಕ್ಯಾಮೆರಾ, ಮೆಮೊರಿ ಕಾರ್ಡ್, ಸಣ್ಣ ಟಾರ್ಚ್ ಒಯ್ಯಿರಿ. ಲೆನ್ಸಿನ ಒಂದು ತುದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಂದೆರಡು ಧೂಳಿನ ಕಣಗಳಿಂದ ಏನೂ ಆಗದು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಬೇಡವೆಂದು ಹೇಳಿ ಬನ್ನಿ. ಸ್ಕ್ರೂಗಳ ತಲೆ ಸವೆದಿದ್ದರೆ ಲೆನ್ಸನ್ನು ಬಿಚ್ಚಿದ್ದಾರೆ ಎಂದರ್ಥ, ಏಕೆ ಎಂದು ಕೇಳಿ.

ನಂತರ ಸಮತಟ್ಟಾದ ಇಟ್ಟಿಗೆ ಗೋಡೆಗೆ ನೇರ ಎದುರಾಗಿ, ಕ್ಯಾಮೆರಾವನ್ನು ಗಟ್ಟಿ ಆಸರೆಯ ಮೇಲಿಟ್ಟು, ಲೆನ್ಸಿನ ಉದ್ದದ ತುದಿಯಲ್ಲಿ ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ಎಡಬದಿ ಚೂಪು, ಬಲಬದಿ ಮಸುಕು ಎಂದಾದರೆ ಒಳಗಿನ ಗಾಜು ಸರಿದಿದೆ. ಬಿದ್ದ ಲೆನ್ಸಿನ ಸಾಮಾನ್ಯ ಲಕ್ಷಣ ಇದು. ಎರಡೂ ಬದಿ ಒಂದೇ ಸಮ ಮೆದುವಾಗಿದ್ದು ಎಫ್/8ರಲ್ಲಿ ಚೂಪಾದರೆ ಚಿಂತೆಯಿಲ್ಲ, ಈ ವರ್ಗದ ಲೆನ್ಸುಗಳ ಸ್ವಭಾವವೇ ಹಾಗೆ. ಹತ್ತಿರದ ವಸ್ತು, ದೂರದ ವಸ್ತು ಎಂದು ಬದಲಿಸುತ್ತ ಇಪ್ಪತ್ತು ಸಲ ಆಟೊಫೋಕಸ್ ಮಾಡಿಸಿ. ಕೊನೆಗೆ ಸ್ಟೆಬಿಲೈಸೇಶನ್ ಆನ್ ಮಾಡಿ ಬಟನ್ ಅರ್ಧ ಒತ್ತಿ, ನೋಟ ಗಕ್ಕನೆ ಸ್ಥಿರವಾಗಬೇಕು. ನೋಟ ನೆಗೆಯುತ್ತಿದ್ದರೆ, ಕಟಕಟ ಸದ್ದಿದ್ದರೆ ಕೆಟ್ಟಿದೆ.

ಮೊದಲ ವಾರ

600 ಎಂಎಂ, ಎಫ್/6.3, 10 ಮೀಟರ್: ಫೋಕಸ್‌ನಲ್ಲಿರುವ ಆಳ ಸುಮಾರು 7 ಸೆಂ.ಮೀ. 5 ಮೀಟರ್‌ನಲ್ಲಿ 2 ಸೆಂ.ಮೀ. ಕೂಡ ಇಲ್ಲ. 250ರಲ್ಲಿ ಗೊತ್ತೇ ಆಗದ ಫೋಕಸ್ ತಪ್ಪು ಇಲ್ಲಿ ಎದ್ದು ಕಾಣುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಪ್ರತಿ ಸಲವೂ ಹಕ್ಕಿಯ ಹಿಂದೆಯೇ ಅಥವಾ ಮುಂದೆಯೇ ಫೋಕಸ್ ಬೀಳುತ್ತಿದ್ದರೆ ಎಎಫ್ ಫೈನ್‌ಟ್ಯೂನ್ (ಆಟೊಫೋಕಸ್ ಬೀಳುವ ಜಾಗವನ್ನು ಕ್ಯಾಮೆರಾದಲ್ಲಿ ಹೊಂದಿಸುವುದು) ಮಾಡಬೇಕು. ಮಿರರ್‌ಲೆಸ್ ನೇರ ಸೆನ್ಸರ್‌ನಿಂದಲೇ ಅಳೆಯುವುದರಿಂದ ಅದರಲ್ಲಿ ಈ ತೊಂದರೆ ಇಲ್ಲ. ಅಗ್ಗದ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ, ಟೆಲಿ ಲೆನ್ಸಿನ ಚೂಪನ್ನು ಅದು ಚೆನ್ನಾಗಿ ಕೆಡಿಸುತ್ತದೆ. ಲೆನ್ಸ್ ಹುಡ್ ಸಾಕು.

ಹೊಸ ಲೆನ್ಸ್ ಕೆಟ್ಟದ್ದು ಎಂದು ಹಿಂದಿರುಗಿಸುವ ಮುನ್ನ ಒಂದು ಮಾತು. ಬಿಸಿಲೇರಿದ ಮೇಲೆ ಬಯಲಿನಾಚೆ, ಕೆರೆಯಾಚೆ 60-70 ಮೀಟರ್ ದೂರದ್ದನ್ನು ತೆಗೆದು ಚೂಪಿಲ್ಲ ಎನ್ನುವವರು ಬಹಳ. ಕಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಅಲುಗಿಸುತ್ತದೆ, ಎಷ್ಟೇ ದುಬಾರಿ ಗಾಜಾದರೂ ಅಲ್ಲಿ ಚಿತ್ರ ನೀರಿನೊಳಗಿಂದ ನೋಡಿದಂತೆ ಬರುತ್ತದೆ. ಅದೇ ಲೆನ್ಸಿನಿಂದ ಬೆಳಿಗ್ಗೆ ತಂಪಿನಲ್ಲಿ, 10 ಮೀಟರ್ ದೂರದ ಮರದ ತೊಗಟೆಯನ್ನು 1/1000ರಲ್ಲಿ ತೆಗೆದು ನೋಡಿ, ಆಮೇಲೆ ನಿರ್ಧರಿಸಿ.